‘ಫೈನಲ್ 2’, ‘ಲೇಟೆಸ್ಟ್ ಫೈನಲ್’: ಯಾವ ಡ್ರಾಯಿಂಗ್ ನಂಬೋದು?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಫೌಂಡ್ರಿಯಿಂದ ಕಾಸ್ಟಿಂಗ್ ತರಿಸಿ ವಾಲ್ವ್ ಬಾಡಿ, ಪಂಪ್ ಬಾಡಿ ಮಷಿನಿಂಗ್ ಮಾಡುತ್ತೇವೆ. ಆಟೋಕ್ಯಾಡ್‌ನಲ್ಲಿ ಡ್ರಾಯಿಂಗ್ ಮಾಡುವವರು ಮೂವರು. ಗಿರಾಕಿ ಬೋರ್ (ಒಳರಂಧ್ರ) ಅಳತೆ ಬದಲಿಸಿದ್ದರು, ಆಫೀಸಿನಲ್ಲಿ ಡ್ರಾಯಿಂಗೂ ತಿದ್ದಿತ್ತು. ಆದರೆ ಆಪರೇಟರ್ ಹಳೇ ಪ್ರಿಂಟ್ ನೋಡಿ ಹೊಡೆದು ಇಡೀ ಲಾಟ್ ರಿಜೆಕ್ಟ್ ಆಯಿತು. ಇಂಜಿನಿಯರಿಂಗ್ ಓದುವ ಮಗ ‘ಗಿಟ್ ಹಾಕೋಣ, ಫೈಲಿನ ಹಳೇ ಪ್ರತಿಗಳನ್ನೆಲ್ಲ ಉಳಿಸೋ ಸಾಫ್ಟ್‌ವೇರ್’ ಅಂತಾನೆ. ಡ್ರಾಫ್ಟ್ಸ್‌ಮನ್ ‘ಗೂಗಲ್ ಡ್ರೈವ್ ಸಾಕ್ರಿ’ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ನಿಮ್ಮ ಲಾಟ್ ಕೆಟ್ಟದ್ದು ಕಂಪ್ಯೂಟರಿನೊಳಗಲ್ಲ. ಹೊಸ ಅಳತೆ ಫೈಲಿನಲ್ಲಿತ್ತು, ಹಳೇ ಕಾಗದ ಮಷಿನ್ ಪಕ್ಕದಲ್ಲೇ ಉಳಿದಿತ್ತು. ಎಂಥ ಸಾಫ್ಟ್‌ವೇರ್ ತಂದರೂ ಆ ಕಾಗದವನ್ನು ಯಾರಾದರೂ ಹೋಗಿ ಕಿತ್ತು ತರಲೇಬೇಕು.

ವಿಟಿಯು (ತಾಂತ್ರಿಕ ವಿಶ್ವವಿದ್ಯಾಲಯ) ಇರುವ ಊರಲ್ಲಿ ಓದುವ ಹುಡುಗ ಗಿಟ್ ಹೆಸರು ಹೇಳುವುದು ಸಹಜ. ಅದು ಒಳ್ಳೆಯ ಸಾಧನವೇ, ಆದರೆ ಹುಟ್ಟಿದ್ದು ಪ್ರೋಗ್ರಾಂ ಬರೆಯುವವರಿಗಾಗಿ. ಪ್ರೋಗ್ರಾಂ ಎಂದರೆ ಸಾಲು ಸಾಲು ಅಕ್ಷರ. ಇಬ್ಬರು ಬೇರೆ ಬೇರೆ ಸಾಲು ತಿದ್ದಿದರೆ ಗಿಟ್ ಎರಡನ್ನೂ ಬೆಸೆದು ಕೊಡುತ್ತದೆ. ಆಟೋಕ್ಯಾಡ್ ಡ್ರಾಯಿಂಗ್ ಉಳಿಸುವ ಡಿಡಬ್ಲ್ಯೂಜಿ ಫೈಲ್ ಹಾಗಲ್ಲ, ಅದು ಬೈನರಿ, ಅಂದರೆ ಸಾಲಾಗಿ ಓದಲು ಬಾರದ ಯಂತ್ರಭಾಷೆ. ಹಳೆಯ ಪ್ರತಿಗಳನ್ನೆಲ್ಲ ಗಿಟ್ ಜೋಪಾನ ಮಾಡುತ್ತದೆ, ನಿಜ. ಆದರೆ ಯಾವ ಗೆರೆ ಸರಿಯಿತು ಎಂದು ಹೇಳಲಾರದು, ಇಬ್ಬರ ತಿದ್ದುಪಡಿ ಕೂಡಿಸಲೂ ಆರದು. ಒಬ್ಬರ ಕೆಲಸ ಇಟ್ಟುಕೊಂಡು ಇನ್ನೊಬ್ಬರದು ಬಿಡಬೇಕಾಗುತ್ತದೆ. ಡ್ರಾಯಿಂಗನ್ನು ಡಿಎಕ್ಸ್‌ಎಫ್ ಎಂಬ ಇನ್ನೊಂದು ರೂಪದ ಫೈಲ್ ಮಾಡಿ ಇಟ್ಟರೆ ಅಕ್ಷರರೂಪದಲ್ಲಿ ಸಿಗುತ್ತದಲ್ಲ ಎಂದು ಮಗ ವಾದಿಸಬಹುದು. ಸಿಗುತ್ತದೆ, ಆದರೆ ಆ ಸಂಖ್ಯೆಗಳ ರಾಶಿ ನೋಡಿ ಬೋರ್ ಎಷ್ಟು ಬದಲಾಯಿತೆಂದು ಹೇಳುವ ಡ್ರಾಫ್ಟ್ಸ್‌ಮನ್ ನನಗಂತೂ ಸಿಕ್ಕಿಲ್ಲ.

ಡ್ರೈವ್‌ನ ತೊಂದರೆ ಬೇರೆ. ಆಫೀಸಿನ ಒಂದೇ ಸರ್ವರ್ ಫೋಲ್ಡರಿನಿಂದ ಡ್ರಾಯಿಂಗ್ ತೆರೆದರೆ ಆಟೋಕ್ಯಾಡ್ ಪಕ್ಕದಲ್ಲೇ ಡಿಡಬ್ಲ್ಯೂಎಲ್ ಎಂಬ ಪುಟ್ಟ ಫೈಲ್ ಇಟ್ಟು ಬೀಗ ಹಾಕುತ್ತದೆ. ಎರಡನೆಯವನಿಗೆ ಓದಲು ಮಾತ್ರ ಸಿಗುತ್ತದೆ. ‘ಹೂಹ್ಯಾಸ್’ ಎಂಬ ಕಮಾಂಡ್ ಕೊಟ್ಟರೆ ಯಾರು ತೆರೆದು ಕೂತಿದ್ದಾರೆಂದೂ ಗೊತ್ತಾಗುತ್ತದೆ. ಸಿಂಕ್ ಆಗುವ ಡ್ರೈವ್‌ನಲ್ಲಿ ಪ್ರತಿ ಕಂಪ್ಯೂಟರಿಗೂ ತನ್ನದೇ ಪ್ರತಿ ಇರುತ್ತದೆ, ಆ ಬೀಗವನ್ನು ನಂಬುವಂತಿಲ್ಲ. ಇಬ್ಬರೂ ತಿದ್ದಿ, ಇಬ್ಬರೂ ಸೇವ್ ಮಾಡಿ, ಸಂಜೆಗೆ ‘ಇದ ಲೇಟೆಸ್ಟ್ ಐತ್ರಿ’ ಎಂದು ಇಬ್ಬರೂ ಹೇಳುತ್ತಾರೆ. ಬ್ಯಾಕಪ್ಪಿಗೆ ಡ್ರೈವ್ ಇರಲಿ, ಕೆಲಸಕ್ಕೆ ಬೇಡ.

ಹಾಗಾದರೆ ಮಾಡುವುದೇನು? ಫೈಲಿನ ಹೆಸರಿನಿಂದ ‘ಫೈನಲ್’ ಪದವನ್ನೇ ತೆಗೆದುಹಾಕಿ. ಹೆಸರಿನಲ್ಲಿ ಡ್ರಾಯಿಂಗ್ ನಂಬರ್, ರಿವಿಷನ್ (ಎಷ್ಟನೆಯ ತಿದ್ದುಪಡಿ ಎಂಬುದರ) ಅಕ್ಷರ ಇದ್ದರೆ ಸಾಕು. ಅದೇ ಅಕ್ಷರ ಟೈಟಲ್ ಬ್ಲಾಕಿನಲ್ಲೂ (ಡ್ರಾಯಿಂಗಿನ ವಿವರದ ಚೌಕದಲ್ಲೂ) ಇರಲಿ, ಅದರ ಮೇಲ್ಗಡೆ ಏನು ಬದಲಾಯಿತು, ಯಾವ ದಿನ, ಯಾರ ಸಹಿ ಎಂಬ ಪಟ್ಟಿ ಇರಲಿ. ಎ, ಬಿ, ಸಿ ಎಂದು ಹೋಗುವಾಗ ಐ, ಒ, ಕ್ಯೂ, ಎಸ್, ಎಕ್ಸ್, ಝಡ್ ಬಿಡುವುದು ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ಎಎಸ್‌ಎಂಇಯ ಪದ್ಧತಿ. ಎಣ್ಣೆ ಹತ್ತಿದ ಪ್ರಿಂಟಿನಲ್ಲಿ ಐ ಯಾವುದು, ಒಂದು ಯಾವುದು ಎಂಬ ಜಗಳ ತಪ್ಪುತ್ತದೆ.

ಶಾಪ್‌ಗೆ ಡಿಡಬ್ಲ್ಯೂಜಿ ಹೋಗಬಾರದು, ವಾಟ್ಸ್‌ಆ್ಯಪ್ ಫೋಟೊ ಅಂತೂ ಹೋಗಲೇಬಾರದು. ಒಬ್ಬರೇ ಪಿಡಿಎಫ್ ತೆಗೆದು ಪ್ರಿಂಟ್ ಕೊಡಲಿ. ಹೊಸದು ಕೊಡುವಾಗ ಹಳೆಯದನ್ನು ಕೈಗೆ ಪಡೆದೇ ಕೊಡಲಿ, ರಿಜಿಸ್ಟರಿನಲ್ಲಿ ಬರೆಯಲಿ. ಇದು ಹಳೇ ಕಾಲದ ಗುಮಾಸ್ತಿಕೆ ಅನ್ನಿಸಬಹುದು, ಆದರೆ ನಿಮ್ಮ ಲಾಟ್ ಉಳಿಸುತ್ತಿದ್ದುದು ಇದೇ.

ಫೌಂಡ್ರಿಯನ್ನು ಮರೆಯಬೇಡಿ. ಬೋರಿನ ಫಿನಿಶ್ ಅಳತೆ ಸ್ವಲ್ಪ ಬದಲಾದರೆ ಮಷಿನಿಂಗ್ ಡ್ರಾಯಿಂಗ್ ತಿದ್ದಿದರೆ ಮುಗಿಯಿತು. ಮಷಿನಿಂಗಿಗೆ ಬಿಟ್ಟ ಮಾಲು ಸಾಲದಷ್ಟು ಬದಲಾದರೆ, ಇಲ್ಲವೇ ಗೋಡೆಯ ದಪ್ಪ ಬದಲಾದರೆ, ತಿದ್ದುಪಡಿ ಎರಕದ ಅಚ್ಚು ಮಾಡುವ ಪ್ಯಾಟರ್ನ್, ಒಳಟೊಳ್ಳಿನ ಕೋರ್ ಬಾಕ್ಸ್‌ವರೆಗೂ ಹೋಗುತ್ತದೆ. ಅದಕ್ಕೇ ಕಾಸ್ಟಿಂಗ್ ಡ್ರಾಯಿಂಗ್, ಮಷಿನಿಂಗ್ ಡ್ರಾಯಿಂಗ್ ಎರಡಕ್ಕೂ ಬೇರೆ ನಂಬರ್, ಬೇರೆ ರಿವಿಷನ್ ಕೊಡಿ. ಹೊಸ ಪಾರ್ಟ್ ಹಳೆಯದರ ಜಾಗದಲ್ಲಿ ಕೂರುವುದೇ ಇಲ್ಲ ಎಂದಾದರೆ ರಿವಿಷನ್ ಏರಿಸಬೇಡಿ, ಪಾರ್ಟ್ ನಂಬರನ್ನೇ ಬದಲಿಸಿ.

ಎರಡು ಪ್ರತಿಗಳ ವ್ಯತ್ಯಾಸ ನೋಡಲು ಆಟೋಕ್ಯಾಡ್ 2019ರಿಂದ ‘ಕಂಪೇರ್’ ಇದೆ. ಒಂದರಲ್ಲಿ ಮಾತ್ರ ಇರುವುದು ಹಸಿರು, ಇನ್ನೊಂದರಲ್ಲಿ ಮಾತ್ರ ಇರುವುದು ಕೆಂಪು, ಎರಡರಲ್ಲೂ ಇರುವುದು ಬೂದು ಬಣ್ಣದಲ್ಲಿ ಕಾಣುತ್ತದೆ. ರಿವಿಷನ್‌ಗೆ ಸಹಿ ಹಾಕುವ ಮುನ್ನ ಇದನ್ನು ಓಡಿಸಿ. ಯಾರೂ ಬದಲಿಸಲು ಹೇಳದ ಗೆರೆಯೊಂದು ಸರಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನು ಆಟೋಕ್ಯಾಡ್ ತಾನೇ ಮಾಡುವ ‘ಬ್ಯಾಕ್’ (ಬ್ಯಾಕಪ್) ಫೈಲ್ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ, ಅದು ಹಿಂದಿನ ಒಂದು ಸೇವ್‌ನಷ್ಟೇ ಉಳಿಸುತ್ತದೆ.

ಮುಂದೆ ತ್ರೀಡಿಗೆ ಹೋದರೆ ಮಾತು ಬೇರೆ. ತ್ರೀಡಿ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನ ಪಿಡಿಎಂ (ಫೈಲ್ ನಿರ್ವಹಣೆಯ ವ್ಯವಸ್ಥೆ) ಗ್ರಂಥಾಲಯದ ಪುಸ್ತಕದ ಹಾಗೆ: ಒಬ್ಬ ಒಯ್ದರೆ ವಾಪಸ್ ಇಡುವ ತನಕ ಉಳಿದವರು ತಿದ್ದುವಂತಿಲ್ಲ. ಇಂಟರ್ನೆಟ್‌ನಲ್ಲೇ ನಡೆಯುವ ತ್ರೀಡಿ ಸಾಫ್ಟ್‌ವೇರ್ ಆನ್‌ಶೇಪ್‌ನಲ್ಲಿ ಮಗ ಹೇಳುವ ಗಿಟ್ ತರಹವೇ ಕವಲೊಡೆದು ಬೆಸೆಯಬಹುದು. ಆದರೆ ಅದರ ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಸಾರ್ವಜನಿಕ. ಗಿರಾಕಿಯ ಡ್ರಾಯಿಂಗ್ ಅಲ್ಲಿಗೆ ಏರಿಸಿದರೆ ಗಿರಾಕಿಯೇ ಹೋದಾನು.

ಪ್ರಶ್ನೆ: ವಿಜಯಪುರದಲ್ಲಿ ಮನೆ ಪ್ಲಾನ್ ಮಾಡುವ ಆಫೀಸ್ ನಮ್ಮದು. ಒಂದೇ ಮನೆಯ ಮೇಲೆ ನಾನು ಪ್ಲಾನ್, ತಮ್ಮ ವೈರಿಂಗ್, ಪ್ಲಂಬಿಂಗ್ ಮಾಡುತ್ತೇವೆ. ಒಬ್ಬ ಮುಗಿಸುವ ತನಕ ಇನ್ನೊಬ್ಬ ಸುಮ್ಮನೆ ಕೂರಬೇಕು.

ಉತ್ತರ: ಒಂದೇ ಫೈಲಿನಲ್ಲಿ ಇಬ್ಬರೂ ಯಾಕೆ? ಗೋಡೆ, ಬಾಗಿಲು, ಕಿಟಕಿ ಇರುವ ಫೈಲ್ ನಿಮ್ಮದು. ತಮ್ಮ ಅದನ್ನು ತನ್ನ ಫೈಲಿನೊಳಗೆ ಎಕ್ಸ್‌ರೆಫ್ (ಹೊರಗಿನ ಫೈಲಿನ ಕೊಂಡಿ) ಆಗಿ ಕೂಡಿಸಿಕೊಂಡು ಮೇಲೆ ವೈರಿಂಗ್ ಎಳೆಯಲಿ. ನೀವು ಗೋಡೆ ಸರಿಸಿ ಸೇವ್ ಮಾಡಿದರೆ ‘ಬದಲಾಗಿದೆ’ ಎಂಬ ಸೂಚನೆ ಅವನಿಗೆ ಬರುತ್ತದೆ, ರೀಲೋಡ್ ಮಾಡಿಕೊಳ್ಳುತ್ತಾನೆ. ‘ಅಟ್ಯಾಚ್’ ಬದಲು ‘ಓವರ್‌ಲೇ’ ಆರಿಸಿ, ಆಗ ತಮ್ಮನ ಫೈಲನ್ನು ಮತ್ತೊಬ್ಬರು ಕೂಡಿಸಿಕೊಂಡರೆ ಗೋಡೆಗಳು ಹಿಂದೆಯೇ ಬರುವುದಿಲ್ಲ. ಪಾತ್ (ಫೈಲ್ ಇರುವ ಜಾಗದ ವಿಳಾಸ) ‘ರಿಲೇಟಿವ್’ ಇರಲಿ. ಕಂತ್ರಾಟದಾರರಿಗೆ ಕಳಿಸುವಾಗ ‘ಇ-ಟ್ರಾನ್ಸ್‌ಮಿಟ್’ ಬಳಸಿದರೆ ಕೂಡಿಸಿದ ಫೈಲುಗಳೆಲ್ಲ ಒಟ್ಟಿಗೇ ಹೋಗುತ್ತವೆ. ಬರೀ ತಮ್ಮನ ಫೈಲ್ ಕಳಿಸಿದರೆ ಅವರಿಗೆ ಗೋಡೆಯೇ ಇಲ್ಲದ ಮನೆಯಲ್ಲಿ ವೈರ್ ಮಾತ್ರ ಕಾಣುತ್ತದೆ.