ಮೃದು ಎರೆಗಳ ಅಚ್ಚಿಗೆ ಪ್ಲಾಸ್ಟರ್ ಸಾಕೇ, ಸಿಲಿಕೋನ್ ಬೇಕೇ?

ಮೀನು ಹಿಡಿಯಲು ಹುಳುವಿನಾಕಾರದ ಮೃದು ಪ್ಲಾಸ್ಟಿಕ್ ಎರೆಗಳನ್ನು ಮನೆಯಲ್ಲಿಯೇ ಎರಕ ಹೊಯ್ಯಲು ಹೊರಟಿದ್ದೀರಿ. ಅಚ್ಚಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕೇ ಅಥವಾ ಸಿಲಿಕೋನ್ ಬೇಕೇ, ಮುಂದೆ ಅದೇ ಅಚ್ಚಿನಲ್ಲಿ ಗಾಳದ ಕೊಕ್ಕೆಗೆ ಸೀಸದ ತಲೆಯನ್ನೂ (ಭಾರಕ್ಕೆ ಕೂರಿಸುವ ಗುಂಡು) ಹೊಯ್ಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಮೊದಲ ಅಚ್ಚು ಪ್ಲಾಸ್ಟರಿನದೇ ಇರಲಿ ಎಂಬುದು ನನ್ನ ಸಲಹೆ. ಸೀಸದ ಮಾತಿಗೆ ಮಾತ್ರ ಉತ್ತರ ಖಂಡಿತವಾಗಿ 'ಬೇಡ'.

ಅಚ್ಚಿನ ವಸ್ತುವನ್ನು ಆರಿಸುವ ಮೊದಲು ಅದರೊಳಗೆ ಏನನ್ನು ಸುರಿಯುತ್ತೇವೆ ಎಂಬುದನ್ನು ನೋಡಬೇಕು. ಮೃದು ಎರೆಗೆ ಸುರಿಯುವುದು ಪ್ಲಾಸ್ಟಿಸಾಲ್, ಎಂದರೆ ಪಿವಿಸಿ ಪ್ಲಾಸ್ಟಿಕ್ಕಿನ ಪುಡಿಯನ್ನು ಎಣ್ಣೆಯಂಥ ಪ್ಲಾಸ್ಟಿಸೈಜರಿನಲ್ಲಿ ಕಲಸಿದ ಹಾಲಿನಂಥ ದ್ರವ. ಕಾಯಿಸಿದಾಗ ಅದು ಮೊದಲು ಗಟ್ಟಿಯಾಗಿ, ಸುಮಾರು 175 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮತ್ತೆ ತಿಳಿಯಾಗಿ ಹರಿಯತೊಡಗುತ್ತದೆ. ಆರಿದ ಮೇಲೆ ರಬ್ಬರಿನಂತಾಗುತ್ತದೆ. ಅಂದರೆ ಅಚ್ಚು ಆ ಬಿಸಿಯನ್ನು ತಾಳಬೇಕು, ಆ ಬಿಸಿಗೆ ಆವಿ ಬಿಡಬಾರದು, ಎರಕಕ್ಕೆ ಅಂಟಿಕೊಳ್ಳಲೂಬಾರದು. ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಮುದ್ರಿಸಿದ ತ್ರೀಡಿ ಅಚ್ಚು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ನೇರ ಎರಕಕ್ಕೆ ಒದಗುವುದಿಲ್ಲ, ಅಚ್ಚು ತೆಗೆಯಲು ಬೇಕಾದ ಎರೆಯ ಮೂಲ ಮಾದರಿಯನ್ನು ಮಾಡಿಕೊಳ್ಳಲು ಆ ಪ್ಲಾಸ್ಟಿಕ್ ಒದಗೀತು.

ಪ್ಲಾಸ್ಟರ್ ಬಿಸಿಯನ್ನು ತಾಳುತ್ತದೆ. ಅದರಲ್ಲಿ ತೊಂದರೆ ಕೊಡುವುದು ನೀರು. ನನ್ನ ಮೊದಲ ಅಚ್ಚನ್ನು ಮುಟ್ಟಿದರೆ ಕಲ್ಲಿನಂತಿತ್ತು, ಮೇಲ್ಮೈ ಒಣಗಿತ್ತು, ಹಾಗಾಗಿ ಮರುದಿನವೇ ಪ್ಲಾಸ್ಟಿಸಾಲ್ ಸುರಿದೆ. ಕ್ಷಣಾರ್ಧದಲ್ಲಿ ಎರಕದ ಮೈತುಂಬ ಗುಳ್ಳೆಗಳೆದ್ದವು; ಹೊರತೆಗೆದ ಹುಳುವಿನ ಹೊಟ್ಟೆ ಸಿಡುಬು ಎದ್ದಂತೆ ಕುಳಿಕುಳಿಯಾಗಿತ್ತು. ಮೇಲೆ ಒಣಗಿದ್ದರೂ ಒಳಗೆ ಉಳಿದಿದ್ದ ನೀರು ಆವಿಯಾಗಿ ಎರಕದ ಮೂಲಕವೇ ದಾರಿ ಮಾಡಿಕೊಂಡಿತ್ತು. ಈಗ ನಾನು ಕೈಯ ಅಂದಾಜನ್ನು ನಂಬದೆ ತಕ್ಕಡಿಯನ್ನು ನಂಬುತ್ತೇನೆ: ಅಚ್ಚನ್ನು ಪ್ರತಿದಿನ ತೂಗಿ, ಎರಡು ದಿನ ಸತತವಾಗಿ ತೂಕ ಇಳಿಯದಿದ್ದರೆ ಮಾತ್ರ ಒಣಗಿದೆ ಎಂದು ತಿಳಿಯುತ್ತೇನೆ. ಅವಸರವಿದ್ದರೆ ಸುಮಾರು 50 ಡಿಗ್ರಿಯ ಮಂದ ಬಿಸಿಯಲ್ಲಿ ಇಡಬಹುದು. ಅದಕ್ಕಿಂತ ಬಹಳ ಹೆಚ್ಚು ಕಾಯಿಸಿದರೆ ಪ್ಲಾಸ್ಟರಿನೊಳಗೆ ರಾಸಾಯನಿಕವಾಗಿ ಸೇರಿಕೊಂಡ ನೀರೂ ಹೊರಬಂದು ಅಚ್ಚು ಪುಡಿಪುಡಿಯಾಗುತ್ತದೆ.

ಒಣಗಿದ ಮೇಲೂ ಅದರ ಮೈಯಲ್ಲಿ ಸೂಕ್ಷ್ಮ ರಂಧ್ರಗಳು ಇದ್ದೇ ಇರುತ್ತವೆ. ಅವನ್ನು ಮುಚ್ಚಲು ಬಿಳಿ ಅಂಟಿಗೆ ಅಷ್ಟೇ ನೀರು ಬೆರೆಸಿ ಎರಡು ಮೂರು ತೆಳು ಲೇಪ ಕೊಡುವುದು ಸುಲಭದ ದಾರಿ, ಆದರೆ ಪ್ರತಿ ಲೇಪವನ್ನೂ ಪೂರ್ತಿ ಒಣಗಿಸದಿದ್ದರೆ ಗುಳ್ಳೆಗಳ ಕಥೆ ಮತ್ತೆ ಮೊದಲಾಗುತ್ತದೆ. ಬಿಸಿ ತಾಳುವ ಎಪಾಕ್ಸಿಯ ಲೇಪ ಹೆಚ್ಚು ಬಾಳುತ್ತದೆ, ಎರಕಕ್ಕೆ ಹೊಳಪನ್ನೂ ಕೊಡುತ್ತದೆ. ಇನ್ನೊಂದು ಮಿತಿಯನ್ನು ಮೊದಲೇ ಒಪ್ಪಿಕೊಳ್ಳಬೇಕು: ಪ್ಲಾಸ್ಟರ್ ಬಾಗುವುದಿಲ್ಲ. ಒಂದು ಮಗ್ಗುಲು ಚಪ್ಪಟೆಯಾದ ಸಾದಾ ಹುಳುವಿಗೆ ತೆರೆದ ಅಚ್ಚು ಚೆನ್ನಾಗಿ ಒಗ್ಗುತ್ತದೆ. ಏಡಿಯ ಕಾಲುಗಳಂಥ ಸಣ್ಣ ಚಾಚುಗಳಿದ್ದರೆ, ಎರಕ ಹೇಗೋ ಎಳೆದುಕೊಂಡು ಬಂದರೂ, ಮಾದರಿಯನ್ನು ತೆಗೆಯುವಾಗಲೇ ಅಚ್ಚಿನ ಅಂಚುಗಳು ಮುರಿಯುತ್ತವೆ.

ಅಂಥ ಆಕಾರಗಳಿಗೆ ಸಿಲಿಕೋನ್ ಬೇಕು. ಬೆರಳಚ್ಚಿನ ಗೆರೆಯಷ್ಟು ಸೂಕ್ಷ್ಮವಾದುದನ್ನೂ ಅದು ಹಿಡಿಯುತ್ತದೆ. ಮಾದರಿಯ ಮೇಲೆ ಗೀಚು ಇದ್ದರೆ ಪ್ರತಿ ಎರೆಯ ಮೇಲೂ ಅದೇ ಗೀಚು ಮೂಡುತ್ತದೆ ಎಂಬುದು ಇದೇ ಗುಣದ ಇನ್ನೊಂದು ಮಗ್ಗುಲು. ಸಿಲಿಕೋನಿನಲ್ಲಿ ತವರದ ವೇಗವರ್ಧಕ (ಬೇಗ ಗಟ್ಟಿಯಾಗಿಸುವ ವಸ್ತು) ಇರುವುದು, ಪ್ಲಾಟಿನಂ ವೇಗವರ್ಧಕವಿರುವುದು ಎಂದು ಎರಡು ಬಗೆ. ತವರದ್ದು ಅಗ್ಗ, ಯಾವ ಮಾದರಿಯ ಮೇಲೂ ಹೆಚ್ಚು ತಕರಾರಿಲ್ಲದೆ ಗಟ್ಟಿಯಾಗುತ್ತದೆ, ಆದರೆ ಕಾಲಕ್ರಮೇಣ ಸ್ವಲ್ಪ ಕುಗ್ಗುತ್ತದೆ. ಪ್ಲಾಟಿನಂ ಬಗೆಯದು ಹೆಚ್ಚು ವರ್ಷ ಬಾಳುತ್ತದೆ, ಆಕಾರವನ್ನೂ ಕೆಡಿಸುವುದಿಲ್ಲ, ಆದರೆ ಅದರ ಮೂಗಿನ ತುದಿಯಲ್ಲೇ ಕೋಪ: ಗಂಧಕವಿರುವ ಶಿಲ್ಪದ ಜೇಡಿ, ಲೇಟೆಕ್ಸ್ ಕೈಗವಸು, ತವರದ ಸಿಲಿಕೋನಿನ ಉಳಿಕೆ, ಇವುಗಳಲ್ಲಿ ಯಾವುದು ತಾಗಿದರೂ ಆ ಜಾಗ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಗಂಧಕದ ಜೇಡಿಯಲ್ಲಿ ಮಾಡಿದ್ದ ಒಂದು ಮೀನಿನ ಮಾದರಿಯನ್ನು ಇದರಲ್ಲಿ ಮುಳುಗಿಸಿ ನಾನು ಇಡೀ ಡಬ್ಬಿಯನ್ನು ಹಾಳುಮಾಡಿದ್ದೇನೆ. ಮಾದರಿಯ ಮೂಲೆಯೊಂದಕ್ಕೆ ಒಂದು ಹನಿ ಹಚ್ಚಿ ಕಾದು ನೋಡಿದ್ದರೆ ಆ ನಷ್ಟ ತಪ್ಪುತ್ತಿತ್ತು. ಎರಡು ಭಾಗದ ಅಚ್ಚಾದರೆ ಎರಡನೆಯ ಭಾಗ ಸುರಿಯುವ ಮೊದಲು ಮೊದಲನೆಯದರ ಮುಖಕ್ಕೆ ವ್ಯಾಸಲೀನಿನ ತೆಳು ಪದರ ಸವರುವುದನ್ನು ಮರೆಯಬೇಡಿ. ಸಿಲಿಕೋನಿಗೆ ಬೇರೆ ಯಾವುದೂ ಸುಲಭವಾಗಿ ಅಂಟದಿದ್ದರೂ ಸಿಲಿಕೋನ್ ಮಾತ್ರ ಚೆನ್ನಾಗಿಯೇ ಅಂಟುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಕನಿಷ್ಠ 200 ಡಿಗ್ರಿ ತಾಳುತ್ತದೆ ಎಂದಿದೆಯೇ ನೋಡಿ.

ಅಲ್ಯೂಮಿನಿಯಂ ಅಚ್ಚು ಬಲು ಬೇಗ ಆರುತ್ತದೆ, ಹೊಳಪೂ ಚೆನ್ನ. ಆದರೆ ಅದನ್ನು ಯಂತ್ರದಲ್ಲಿ ಕೊರೆಸಬೇಕಾದ್ದರಿಂದ ಒಂದೇ ವಿನ್ಯಾಸವನ್ನು ನೂರಾರು ಸಂಖ್ಯೆಯಲ್ಲಿ ಹೊಯ್ಯುವವರಿಗಷ್ಟೇ ಅದು ಒಪ್ಪುತ್ತದೆ.

ಅಚ್ಚು ಯಾವುದೇ ಇರಲಿ, ಪ್ಲಾಸ್ಟಿಸಾಲನ್ನು ಥರ್ಮಾಮೀಟರ್ ಇಲ್ಲದೆ ಕಾಯಿಸಬೇಡಿ. 200 ಡಿಗ್ರಿ ಮೀರಿದರೆ ಅದು ಹಳದಿಗಟ್ಟಿ, ಮೂಗು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡತೊಡಗುತ್ತದೆ. ಗಾಳಿಯಾಡುವ ಜಾಗ ಬೇಕು, ಅದಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು.

ಇನ್ನು ಸೀಸ. ಅದು ಕರಗುವುದು 327 ಡಿಗ್ರಿಗೆ, ಸುರಿಯುವುದು ಅದಕ್ಕಿಂತಲೂ ಬಿಸಿಯಾಗಿ. ಮೃದು ಎರೆಗೆಂದು ಮಾಡಿದ ಸಾಮಾನ್ಯ ಸಿಲಿಕೋನ್ ಅಚ್ಚು ಅಲ್ಲಿ ಸುಟ್ಟು ಬಿರಿಯುತ್ತದೆ. ಪ್ಲಾಸ್ಟರ್ ಇನ್ನೂ ಅಪಾಯಕರ: ಪ್ಲಾಸ್ಟಿಸಾಲಿನಲ್ಲಿ ಗುಳ್ಳೆಯೆಬ್ಬಿಸಿದ ಅದೇ ತೇವ ಇಲ್ಲಿ ಕರಗಿದ ಸೀಸವನ್ನು ಮುಖಕ್ಕೆ ಚಿಮ್ಮಿಸಬಲ್ಲದು, ಲೇಪದ ಅಂಟೂ ಸುಟ್ಟು ಹೊಗೆಯಾಗುತ್ತದೆ. ಸೀಸದ ತಲೆಗಳನ್ನು ಹೊಯ್ಯಲೇಬೇಕೆಂದಿದ್ದರೆ ಅದಕ್ಕೆಂದೇ ತಯಾರಾದ ಅಲ್ಯೂಮಿನಿಯಂ ಅಚ್ಚನ್ನು ಕೊಂಡು, ಕನ್ನಡಕ ಮತ್ತು ಕೈಗವಸು ಧರಿಸಿ, ಮಕ್ಕಳು ಸುಳಿಯದ ಹೊರಾಂಗಣದಲ್ಲಿ ಹೊಯ್ಯಿರಿ.