ಆಟೋದಿಂದ ಇಳಿಯದ ಹುಡುಗಿ

ಕಾಸರಗೋಡಿನ ಬದಿಯಡ್ಕ ಕಡೆಯ ಐದು ವರ್ಷದ ಹುಡುಗಿ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಹಲ್ಲಿನ ಡಾಕ್ಟರಲ್ಲಿಗೆ ಮೊದಲು ಹೋದದ್ದೇ ರಾತ್ರಿಯಿಡೀ ನೋವಿನಲ್ಲಿ ಅತ್ತ ಮರುದಿನ. ಕೈಕಾಲು ಹಿಡಿದು ಇಂಜೆಕ್ಷನ್ ಕೊಟ್ಟು ಹುಳುಕು ಕೊರೆದರು. ಎರಡನೇ ಸಲ ಬಾಯಿ ತೆರೆಯಲಿಲ್ಲ. ಮೂರನೇ ಸಲ ಆಟೋದಿಂದಲೇ ಇಳಿಯಲಿಲ್ಲ. "ಸೂಜಿ ಹಾಕುದಿಲ್ಲ, ನೋವೇ ಆಗುದಿಲ್ಲ ಅಂತ ಹೇಳಿಯೇ ಕರ್ಕೊಂಡು ಹೋದದ್ದು, ಆದ್ರೂ ಹಟ" ಎಂದರು ತಾಯಿ.

ಹಟವಲ್ಲ. ಆ ಮಾತು ಒಮ್ಮೆ ಸುಳ್ಳಾಗಿದೆ, ಮಗು ಮರೆತಿಲ್ಲ. ನೋವಿಲ್ಲದ ಎರಡು ಮೂರು ಭೇಟಿ ಮೊದಲೇ ಆಗಿದ್ದರೆ ಒಂದು ಕೆಟ್ಟ ದಿನವನ್ನು ತಾಳಿಕೊಳ್ಳುತ್ತಿತ್ತು. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ ಎನ್ನುವುದು ಇದಕ್ಕೂ ಹೌದು. ಮತ್ತೆ, ಮನೆಮಾತು ಕನ್ನಡ, ಡಾಕ್ಟರದ್ದು ಮಲಯಾಳ. ಅವರ "ಪೇಡಿಕ್ಕೇಂಡ" (ಹೆದರಬೇಡ) ಮಗುವಿಗೆ ತಲುಪಲಿಲ್ಲ. ತಲುಪಿದ್ದು "ಸೂಚಿ" ಒಂದೇ. ನಮ್ಮ ಕಾಸರಗೋಡಿನಲ್ಲಿ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಾವು, ಜ್ವರ ಇರಲಿಲ್ಲ, ಹಾಗಾಗಿ ಸಮಯವಿತ್ತು. ಕೆನ್ನೆ ಊದಿದ್ದರೆ ಅತ್ತರೂ ಸರಿ, ಅದೇ ದಿನ ಹೋಗಲೇಬೇಕು. "ಬಿದ್ದುಹೋಗುವ ಹಾಲುಹಲ್ಲಲ್ವಾ" ಎಂದು ತಂದೆ ಕೇಳಿದರು. ಹಾಲಿನ ದವಡೆಹಲ್ಲು ಬೀಳುವುದು ಒಂಬತ್ತರಿಂದ ಹನ್ನೆರಡರ ನಡುವೆ. ಅಲ್ಲಿಯವರೆಗೆ ಅಗಿಯಬೇಕಾದದ್ದು ಅದರಲ್ಲೇ.

ತಾಯಿಗೆ ನಾನು ಹೇಳಿದ್ದು: "ನೋವಾಗುವುದಿಲ್ಲ" ಎನ್ನಬೇಡಿ, ಮಗುವಿನ ಕಿವಿಗೆ ಬೀಳುವುದು "ನೋವು" ಮಾತ್ರ. ಸೂಜಿ ಇದೆಯಾ ಎಂದು ಕೇಳಿದರೆ "ಗೊತ್ತಿಲ್ಲ, ಡಾಕ್ಟರಲ್ಲಿ ಕೇಳುವ" ಎನ್ನಿ. ಗಲಾಟೆ ಮಾಡಿದರೆ ಸೂಜಿ ಹಾಕಿಸ್ತೇನೆ ಎಂಬ ಅಜ್ಜಿಯ ಬೆದರಿಕೆ ಇವತ್ತಿಗೇ ನಿಲ್ಲಲಿ. ರಾತ್ರಿ ಹಲ್ಲುಜ್ಜುವಾಗ ತಲೆಯನ್ನು ಮಡಿಲಲ್ಲಿ ಮಲಗಿಸಿ, ಹತ್ತು ಎಣಿಸುವವರೆಗೆ ಬಾಯಿ ತೆರೆಸಿ. ಹತ್ತಕ್ಕೆ ಬಿಡಿ, ಹನ್ನೊಂದು ಬೇಡ.

ಡಾಕ್ಟರೊಡನೆ ಮೊದಲೇ ಫೋನಿನಲ್ಲಿ ಮಾತಾಡಿ ಬೆಳಗ್ಗಿನ ಮೊದಲ ಸರದಿ ಪಡೆದದ್ದಾಯಿತು. ಮೊದಲ ಭೇಟಿಯಲ್ಲಿ ಕುರ್ಚಿ ಏರಿಳಿಸಿ, ಕನ್ನಡಿಯಲ್ಲಿ ಹಲ್ಲು ಎಣಿಸಿ ಹತ್ತು ನಿಮಿಷಕ್ಕೆ ಮನೆಗೆ. ಎರಡನೆಯದರಲ್ಲಿ ಗಿರ್ರೆನ್ನುವ ಬ್ರಷ್ಷನ್ನು ಮೊದಲು ಉಗುರಿನ ಮೇಲೆ ಆಡಿಸಿ, ಆಮೇಲೆ ಎದುರಿನ ಹಲ್ಲಿಗೆ. ಮಾಡುವುದನ್ನು ಹೇಳಬೇಕು, ತೋರಿಸಬೇಕು, ಆಮೇಲೆ ಮಾಡಬೇಕು. ಹೇಳುವ ಮಾತನ್ನು ತಾಯಿ ಆಗಲೇ ಕನ್ನಡದಲ್ಲಿ ಹೇಳಬೇಕು. ಎಡಗೈ ಎತ್ತಿದರೆ ನಿಲ್ಲಿಸುವ ಒಪ್ಪಂದವೂ ಆಯಿತು. ಒಮ್ಮೆ ನಿಲ್ಲಿಸದಿದ್ದರೂ ಮಾಡಿದ್ದೆಲ್ಲ ನೀರುಪಾಲು.

ಮೂರನೆಯದರಲ್ಲಿ ಒಂದೇ ಹಲ್ಲು. ಒಸಡು ಒರೆಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಇಂಜೆಕ್ಷನ್. ಆಮೇಲೆ ಎರಡು ಮೂರು ಗಂಟೆ ತುಟಿಗೆ ಸ್ಪರ್ಶವಿರುವುದಿಲ್ಲ. ಮಕ್ಕಳು ಕಚ್ಚಿ ಹುಣ್ಣು ಮಾಡಿಕೊಳ್ಳುತ್ತಾರೆ, ಕಣ್ಣಿಟ್ಟಿರಬೇಕು.

ಹುಡುಗಿ ಎರಡು ಸಲ ಕೈ ಎತ್ತಿದಳಂತೆ. ಎರಡನೆಯದು ನೋವಿಗಲ್ಲ, ನಿಲ್ಲಿಸುತ್ತಾರಾ ನೋಡಲಿಕ್ಕೆ. ನಿಲ್ಲಿಸಿದರು. ಇನ್ನೊಂದು ದವಡೆಹಲ್ಲು ಬಾಕಿ ಇದೆ.