ಹಾಸಿಗೆಯಲ್ಲೇ ಕೌದಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಯಸ್ಸು, ಮನೆಯ ವಿವರ ಬದಲಿಸಿದೆ.)

ಜೇವರ್ಗಿ ಕಡೆಯ ಹಳ್ಳಿಯ, ಅರವತ್ತರ ಆಸುಪಾಸಿನ ಹೆಣ್ಣುಮಗಳು. ಅಂಗಳದಲ್ಲಿ ಜಾರಿಬಿದ್ದು ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ವೈದ್ಯರು 6 ವಾರ ಹಾಸಿಗೆ ಹಿಡಿಯಲು ಹೇಳಿದ್ದರು. ಕಲಬುರಗಿಯಲ್ಲಿ ಮಗನ ಮನೆ, ಒಂದು ಕೋಣೆ, ಮೇ ತಿಂಗಳ ಬಿಸಿಲು. 2ನೇ ವಾರಕ್ಕೆ ಊಟ, ಮಾತು ಎರಡೂ ಕಡಿಮೆಯಾದವು. "ಎಲ್ಲಾರಿಗೂ ಭಾರ ಆಗೀನ್ರಿ. ನೀರು ಬೇಕಂದ್ರೂ ಇನ್ನೊಬ್ಬರ ಮಾರಿ ನೋಡ್ಬೇಕು."

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಲಾಯಿತು. ಇರಲಿಲ್ಲ. ಇದ್ದಿದ್ದರೆ ಕೌದಿಯ (ಹಳೆ ಬಟ್ಟೆ ಜೋಡಿಸಿ ಹೊಲಿಯುವ ಹೊದಿಕೆ) ಮಾತೇ ಬರುತ್ತಿರಲಿಲ್ಲ. ಮನೋವೈದ್ಯರ ಬಳಿ ಕಳಿಸಿ, ಹೊತ್ತಲ್ಲದ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ಸಂಖ್ಯೆ 14416 ಕೊಡಬೇಕಾಗುತ್ತಿತ್ತು.

ಮನೆಯವರು ಟಿವಿ, ಮೊಬೈಲ್, ಬಣ್ಣ ತುಂಬುವ ಪುಸ್ತಕ ಎಲ್ಲ ತಂದಿಟ್ಟಿದ್ದರು. ಹೊತ್ತು ಕಳೆಯುವುದು ಆಕೆಗೆ ದೊಡ್ಡ ಚಿಂತೆಯೇ ಆಗಿರಲಿಲ್ಲ. ಕೈತಪ್ಪಿದ್ದು ಯಜಮಾನಿಕೆ: ಇವತ್ತು ಯಾವ ಪಲ್ಯ, ಯಾವ ಸೀರೆ ಯಾರಿಗೆ. ಬಣ್ಣದ ಪುಸ್ತಕದಲ್ಲೂ ಗೆರೆ ಬೇರೆಯವರದ್ದೇ. ಕೇಳುತ್ತಾ ಹೋದಾಗ ಊರಲ್ಲಿ ಕೌದಿ ಹೊಲಿಯುತ್ತಿದ್ದುದು ತಿಳಿಯಿತು. "ಅದೇನ್ ದೊಡ್ಡದ್ರಿ, ಹರಕ ಅರಿವಿ ಜೋಡ್ಸೋದು."

ವೈದ್ಯರ ಒಪ್ಪಿಗೆ ಪಡೆದೇ ಶುರು. ಇಡೀ ಕೌದಿ ಎದೆಯ ಮೇಲೆ ಬೇಡ, ಭಾರ, ಮೇಲಾಗಿ ಸೆಕೆ. 8 ಇಂಚಿನ ಬಿಡಿ ಚೌಕ ಸಾಕು. ಮೊದಲ ದಿನ ರೂಢಿಯಂತೆ 5 ಪದರ ಹಾಕಿದರು. ಸೂಜಿ ತಳ್ಳಲು ಬಲ ಹಾಕಿದಾಗ ಬೆನ್ನು ಸೆಳೆಯಿತು. ಹಳೆಯ ಹತ್ತಿ ಸೀರೆಯ 3 ಪದರಕ್ಕೆ ಇಳಿಸಿದೆವು. ದಾರ ಒಂದು ಮೊಳ: ಉದ್ದವಾದರೆ ಪ್ರತಿ ಹೊಲಿಗೆಗೂ ಕೈ ಚಾಚಬೇಕು, ಗಂಟೂ ಬೀಳುತ್ತದೆ. ಕೈ ಎತ್ತಿಹಿಡಿದು ಹೊಲಿದರೆ ಬೇಗ ಭುಜ ಸೋಲುತ್ತದೆ, ಅದಕ್ಕೆ ಎರಡೂ ಮೊಣಕೈ ಕೆಳಗೆ ದಿಂಬು, ಹೊಟ್ಟೆಯ ಮೇಲೆ ಓರೆಯಾಗಿ ರಟ್ಟು. ನೋಡಲೆಂದು ತಲೆ ಎತ್ತುವುದೇ ದೊಡ್ಡ ತಪ್ಪು. ಬೆನ್ನು ಮುಂದಕ್ಕೆ ಬಾಗಿ ಬಿರುಕಿನ ಮೇಲೆ ಒತ್ತಡ ಬೀಳುತ್ತದೆ. ರಟ್ಟನ್ನೇ ಕಣ್ಣಿನತ್ತ ವಾಲಿಸಬೇಕು.

ಸೂಜಿ ಎರಡೇ. ರಟ್ಟಿನ ಅಂಚಿಗೆ ಆಯಸ್ಕಾಂತ, ಮುಗಿದೊಡನೆ ಎಣಿಸಿ ಡಬ್ಬಿಗೆ. ಕತ್ತರಿ ಸೊಸೆಯ ಬಳಿ.

3ನೇ ವಾರ ಬೇರೆ ತೊಡಕು ಬಂತು. ಹೊಲಿಗೆಯ ಗುಂಗಿನಲ್ಲಿ ಮಗ್ಗುಲು ಬದಲಿಸುವುದೇ ಮರೆತು, ಸೊಂಟದ ಹಿಂದೆ ಚರ್ಮ ಕೆಂಪಾಯಿತು. (ಖುಷಿಗೂ ಪಥ್ಯ ಬೇಕು, ನೋಡಿ.) ಅಂದಿನಿಂದ 20 ನಿಮಿಷಕ್ಕೆ ಅಲಾರಂ, ಅದು ಬಾರಿಸಿದಾಗ ಸೂಜಿ ಕೆಳಗಿಟ್ಟು, ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಪಾದ 10 ಸಲ ಮೇಲೆ-ಕೆಳಗೆ. 2 ಗಂಟೆಗೊಮ್ಮೆ ಮಗ್ಗುಲು, ಬೆನ್ನು ತಿರುಚದೆ ಇಡೀ ಮೈ ಒಟ್ಟಿಗೆ ಹೊರಳಿಸಿ.

ಸೊಸೆಗೆ ಹೇಳಿದ್ದು ಇಷ್ಟು: "ಭಾಳ ಚಂದ ಆಗ್ಯಾದ" ಎಂದು ಹೊಗಳಿ ಎದ್ದುಹೋಗಬೇಡಿ. ಚೂರುಗಳನ್ನು ತಟ್ಟೆಯಲ್ಲಿ ಹರಡಿ ಹಿಡಿದು "ಅತ್ತಿ, ಇದರ ಬಾಜೂಕ ಯಾವ್ದು ಇಡ್ಲಿ?" ಎಂದು ಕೇಳಿ. ಆರಿಸಲು ತಡವಾದರೆ ಕಾಯಿರಿ. ಈ ಕಾಯುವುದೇ ಸೊಸೆಗೆ ಎಲ್ಲಕ್ಕಿಂತ ಕಷ್ಟವಾಯಿತು.

6ನೇ ವಾರಕ್ಕೆ 18 ಚೌಕಗಳಾಗಿದ್ದವು. ಜೋಡಿಸಲು ಬಗ್ಗಿ ಕೂರಬೇಕು, ಆ ಕೆಲಸ ಸೊಸೆಗೆ ಬಿಟ್ಟರು. ಯಾವ ಚೌಕ ಎಲ್ಲಿ ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ.